ಅಣಬೆಯಲ್ಲಿ ಮದ್ದಿದೆಯೇ?

2023ರ ಜುಲೈ 1ರಿಂದ ಆಸ್ಟ್ರೇಲಿಯಾದಲ್ಲಿ ಹೊಸ ನಿಯಮವೊಂದು ಜಾರಿಗೆ ಬಂತು. ವಿಶೇಷ ಅನುಮತಿ ಪಡೆದ ಮನೋವೈದ್ಯರು ಪಿಟಿಎಸ್‌ಡಿ ಎನ್ನುವ ಆಘಾತೋತ್ತರ ಕಾಯಿಲೆಗೆ ಎಂಡಿಎಂಎಯನ್ನೂ, ಬೇರೆ ಮದ್ದುಗಳಿಗೆ ಬಗ್ಗದ ಖಿನ್ನತೆಗೆ ಸೈಲೊಸೈಬಿನ್ ಅನ್ನೂ ಬರೆದುಕೊಡಬಹುದು ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿತು. ಎಂಡಿಎಂಎ ಎಂದರೆ ಪಾರ್ಟಿಗಳಲ್ಲಿ ಪೊಲೀಸರ ಕೈಗೆ ಸಿಗುವ ಎಕ್ಸ್‌ಟಸಿ ಗುಳಿಗೆಯ ಸಾರ. ಸೈಲೊಸೈಬಿನ್ ಎಂದರೆ ಮ್ಯಾಜಿಕ್ ಮಶ್ರೂಮ್ ಎಂದು ಹೆಸರಾದ ಅಣಬೆಯ ಸಾರ. ಹದಿಮೂರು ತಿಂಗಳು ಕಳೆದ ಮೇಲೆ, 2024ರ ಆಗಸ್ಟ್ 9ರಂದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ ಎಂಡಿಎಂಎಗೆ ಮದ್ದಿನ ಮಾನ್ಯತೆ ಕೊಡಲು ಒಪ್ಪಲಿಲ್ಲ. ಇನ್ನೊಂದು ದೊಡ್ಡ ಪ್ರಯೋಗ ಮಾಡಿಕೊಂಡು ಬನ್ನಿ ಎಂದು ಅರ್ಜಿ ಹಾಕಿದ್ದ ಕಂಪನಿಯನ್ನು ವಾಪಸು ಕಳಿಸಿತು.

ಈ ಎರಡು ಸುದ್ದಿಗಳಲ್ಲಿ ಒಂದನ್ನು ಮಾತ್ರ ಕೇಳಿದವರು ಆ ಕಡೆಗೋ ಈ ಕಡೆಗೋ ಪೂರ್ತಿ ವಾಲಿಬಿಡುತ್ತಾರೆ. ಇವು ವಿಷ, ಮಾತೇ ಬೇಡ ಎನ್ನುವವರು ಒಂದು ಕಡೆ. ಖಿನ್ನತೆಗೆ ಕೊನೆಗೂ ಸಂಜೀವಿನಿ ಸಿಕ್ಕಿತು ಎನ್ನುವವರು ಇನ್ನೊಂದು ಕಡೆ. ನಡುವೆ ಇರುವವರು ರೋಗಿಗಳು: ವರ್ಷಗಟ್ಟಲೆ ಮಾತ್ರೆ ನುಂಗಿಯೂ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದವರು, ರಾತ್ರಿ ಮೊಬೈಲಿನಲ್ಲಿ ಒಬ್ಬರೇ ಹುಡುಕುವವರು. ಅವರಿಗೆ ಬೇಕಾದದ್ದು ಸರಿಯಾದ ಮಾಹಿತಿ. ಅವರನ್ನೂ ಅವರ ಮನೆಯವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಬರಹ.

ತಪ್ಪು ಕಲ್ಪನೆ: ಇವೆಲ್ಲ ಗಾಂಜಾ, ಅಫೀಮಿನ ಜಾತಿಯವೇ

ಕಾನೂನಿನ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ, ನಿಜ. ಮಿದುಳಿನೊಳಗೆ ಮಾಡುವ ಕೆಲಸ ಬೇರೆ ಬೇರೆ. ಅಫೀಮು ಮತ್ತು ಹೆರಾಯಿನ್ ನೋವನ್ನು ಅದುಮಿ, ಉಸಿರಾಟವನ್ನೂ ಅದುಮುತ್ತವೆ. ಸೈಲೊಸೈಬಿನ್ ಮತ್ತು ಎಲ್‌ಎಸ್‌ಡಿ ಮುಖ್ಯವಾಗಿ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಒಂದು ನಿರ್ದಿಷ್ಟ ಗ್ರಾಹಕಕ್ಕೆ, 5-ಎಚ್‌ಟಿ2ಎ ಎಂಬುದಕ್ಕೆ, ಅಂಟಿಕೊಳ್ಳುತ್ತವೆ. ಕೆಲವು ಗಂಟೆಗಳ ಕಾಲ ನೋಟ, ಕಾಲದ ಅಳತೆ, ‘ನಾನು’ ಎಂಬ ಭಾವ ಎಲ್ಲವೂ ಬದಲಾಗುತ್ತವೆ. ಇವೆರಡನ್ನೂ ದಕ್ಷಿಣ ಅಮೆರಿಕದ ಅಯವಾಸ್ಕ ಕಷಾಯವನ್ನೂ ಸಾಂಪ್ರದಾಯಿಕ ಸೈಕೆಡೆಲಿಕ್‌ಗಳು ಎನ್ನುತ್ತಾರೆ. ಎಂಡಿಎಂಎ ಮತ್ತು ಅರಿವಳಿಕೆ ಮದ್ದಾದ ಕೆಟಮಿನ್ ಬೇರೆ ಬಾಗಿಲಿನಿಂದ ಒಳಹೋಗುವ ವಸ್ತುಗಳು. ಚಿಕಿತ್ಸೆಯ ಮಾತು ಬಂದಾಗ ಇವೂ ಜೊತೆಗೆ ಬರುತ್ತವೆ. ನಮ್ಮ ಹಿತ್ತಿಲಿನ ದತ್ತೂರಿಗೂ ಇವಕ್ಕೂ ಸಂಬಂಧವೇ ಇಲ್ಲ. ದತ್ತೂರಿಯಲ್ಲಿರುವುದು ಅಟ್ರೊಪೀನ್ ಮತ್ತು ಸ್ಕೊಪೊಲಮೀನ್. ಅವು ತರುವುದು ಸನ್ನಿ. ದತ್ತೂರಿ ಬೀಜ ತಿಂದು ಸತ್ತವರಿದ್ದಾರೆ.

ಚಟದ ವಿಷಯ. ಸೈಲೊಸೈಬಿನ್, ಎಲ್‌ಎಸ್‌ಡಿಗಳನ್ನು ದಿನವೂ ತೆಗೆದುಕೊಂಡರೆ ಕೆಲವೇ ದಿನಗಳಲ್ಲಿ ಅವುಗಳ ಪರಿಣಾಮವೇ ಇಳಿದುಹೋಗುತ್ತದೆ. ಬಿಟ್ಟಾಗ ಹೆರಾಯಿನ್, ಸಾರಾಯಿಗಳಂತೆ ಮೈ ನಡುಗಿಸುವ ಹಿಂಸೆ ಇಲ್ಲ. ಕೆಟಮಿನ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಅದಕ್ಕೆ ಚಟ ಹಿಡಿಸುವ ಗುಣವಿದೆ, ಮೂತ್ರಕೋಶವನ್ನು ಹಾಳುಮಾಡುವ ಗುಣವೂ ಇದೆ. ‘ಸೈಕೆಡೆಲಿಕ್‌ಗೆ ಚಟವಿಲ್ಲ’ ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವವರ ಮಾತು ನಂಬಬೇಡಿ.

ತಪ್ಪು ಕಲ್ಪನೆ: ಇದು ಹಿಪ್ಪಿಗಳ ಹುಚ್ಚು, ಈಗ ಔಷಧವೆಂದು ಬಣ್ಣ ಹಚ್ಚಿದ್ದಾರೆ

ಕಾಲದ ಸರಣಿಯೇ ಇಲ್ಲಿ ತಿರುವುಮುರುವಾಗಿದೆ. ಎಲ್‌ಎಸ್‌ಡಿ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಔಷಧ ಕಂಪನಿಯಲ್ಲಿ, 1938ರಲ್ಲಿ. ತಯಾರಿಸಿದ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್‌ಗೆ ಅದರ ಗುಣ ಗೊತ್ತಾದದ್ದು ಐದು ವರ್ಷಗಳ ಮೇಲೆ. 1943ರ ಏಪ್ರಿಲ್ 19ರಂದು ಅವರು ತಮ್ಮ ಮೇಲೇ ಪರೀಕ್ಷಿಸಿಕೊಳ್ಳಲು 250 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಕಾಲು ಭಾಗ, ನುಂಗಿದರು. ಪರಿಣಾಮ ಕಾಣಬಹುದಾದ ಅತಿ ಕಡಿಮೆ ಪ್ರಮಾಣ ಅದು ಎಂಬ ಲೆಕ್ಕ ಅವರದು. ಆ ಲೆಕ್ಕ ತಪ್ಪಿತು. ಆ ಕಾಲಕ್ಕೆ ಗೊತ್ತಿದ್ದ ಬೇರಾವ ಮದ್ದೂ ಇಷ್ಟು ಸಣ್ಣ ಪ್ರಮಾಣದಲ್ಲಿ ಮನಸ್ಸನ್ನು ಅಷ್ಟು ಅಲುಗಿಸುತ್ತಿರಲಿಲ್ಲ.

ಕಂಪನಿ ಅದನ್ನು ಡೆಲಿಸಿಡ್ ಎಂಬ ಹೆಸರಿನಲ್ಲಿ ಮನೋವೈದ್ಯರಿಗೆ ಕಳಿಸಿಕೊಟ್ಟಿತು. ಕೆನಡಾದ ಸಸ್ಕ್ಯಾಚವಾನ್ ಪ್ರಾಂತ್ಯದಲ್ಲಿ ಹಂಫ್ರಿ ಆಸ್ಮಂಡ್ ಮತ್ತು ಏಬ್ರಮ್ ಹಾಫರ್ 1950ರ ದಶಕದಲ್ಲಿ ಕುಡಿತದ ಚಟವಿದ್ದವರಿಗೆ ಇದನ್ನು ಕೊಟ್ಟು ನೋಡಿದರು. ‘ಸೈಕೆಡೆಲಿಕ್’ ಎಂಬ ಹೆಸರಿಟ್ಟದ್ದು ಇದೇ ಆಸ್ಮಂಡ್. ಕುಡಿತ ಬಿಡುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದವರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಕೂಡ ಆ ದಶಕದಲ್ಲಿ ಎಲ್‌ಎಸ್‌ಡಿ ತೆಗೆದುಕೊಂಡು, ಕುಡುಕರಿಗೆ ಇದರಿಂದ ಉಪಕಾರವಾದೀತು ಎಂದು ನಂಬಿದ್ದರು. ಹಿಪ್ಪಿಗಳು ಬಂದದ್ದು ಇಷ್ಟೆಲ್ಲ ಆದ ಮೇಲೆ.

ಅಣಬೆಯದು ಇನ್ನೂ ಹಳೆಯ ಕಥೆ, ಮತ್ತು ನೋವಿನ ಕಥೆ. ಮೆಕ್ಸಿಕೋದ ಒವಾಹಾಕಾ ಬೆಟ್ಟಗಳಲ್ಲಿ ಮಸಾಟೆಕ್ ಜನ ಕಾಯಿಲೆಯವರಿಗಾಗಿ ರಾತ್ರಿಯಿಡೀ ಅಣಬೆಯ ಪೂಜೆ ನಡೆಸುತ್ತಿದ್ದರು. ವಾಟ್ಲಾ ಊರಿನ ಮರಿಯಾ ಸಬೀನಾ ಎಂಬ ಪೂಜಾರಿಣಿ 1955ರಲ್ಲಿ ಗಾರ್ಡನ್ ವಾಸನ್ ಎಂಬ ಅಮೆರಿಕನ್ ಬ್ಯಾಂಕರನ್ನು ಆ ಪೂಜೆಗೆ ಕೂರಿಸಿಕೊಂಡರು. 1957ರಲ್ಲಿ ಆತ ಅದನ್ನು ‘ಲೈಫ್’ ಪತ್ರಿಕೆಯಲ್ಲಿ ಬರೆದ. ಮರುವರ್ಷ ಹಾಫ್‌ಮನ್ ಅದೇ ಬಗೆಯ ಅಣಬೆಯಿಂದ ಸೈಲೊಸೈಬಿನ್ ಬೇರ್ಪಡಿಸಿದರು. ಆಮೇಲೆ ಊರಿಗೆ ಅಮಲು ಹುಡುಕುವವರ ದಂಡು ನುಗ್ಗಿತು, ಪೊಲೀಸರು ಬಂದರು, ಊರವರು ಆ ಹೆಂಗಸಿನ ಮೇಲೆ ತಿರುಗಿಬಿದ್ದರು, ಆಕೆಯ ಮನೆಗೆ ಬೆಂಕಿ ಬಿತ್ತು. ಇಂದು ಕೋಟಿಗಟ್ಟಲೆ ಡಾಲರ್ ಹೂಡಿಕೆಯ ಕಂಪನಿಗಳು ಈ ಅಣುವಿನ ಮೇಲೆ ಪೇಟೆಂಟ್ ಬರೆಯುವಾಗ ಆಕೆಯನ್ನು ನೆನೆಯದಿರುವುದು ಅನ್ಯಾಯವೆಂದೇ ನನಗೆ ಅನಿಸುತ್ತದೆ.

ಸಂಶೋಧನೆ ನಿಂತದ್ದೇಕೆ? ಅಂದಿನ ಪ್ರಯೋಗಗಳಲ್ಲಿ ಬಹಳಷ್ಟು ಇಂದಿನ ಅಳತೆಗೆ ನಿಲ್ಲುವಂಥವಲ್ಲ. ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರುತ್ತಿರಲಿಲ್ಲ. ಅಮೆರಿಕದ ಸಿಐಎ ಜನರಿಗೆ ತಿಳಿಸದೆಯೇ ಎಲ್‌ಎಸ್‌ಡಿ ಕೊಟ್ಟು ಪರೀಕ್ಷಿಸಿದ ಘೋರವೂ ಆ ಕಾಲದ್ದೇ. ಜೊತೆಗೆ ಹೆದರಿಕೆಯ ಸುದ್ದಿಗಳು. ಎಲ್‌ಎಸ್‌ಡಿ ವರ್ಣತಂತುಗಳನ್ನು ಮುರಿಯುತ್ತದೆ ಎಂದು 1967ರಲ್ಲಿ ಹಬ್ಬಿದ ಮಾತನ್ನು 1971ರ ಒಂದು ವಿಸ್ತಾರವಾದ ಪರಿಶೀಲನೆ ತಳ್ಳಿಹಾಕಿತು. ಅಷ್ಟರಲ್ಲಿ ಅಮೆರಿಕದ 1970ರ ಕಾಯಿದೆಯೂ, ವಿಶ್ವಸಂಸ್ಥೆಯ 1971ರ ಒಡಂಬಡಿಕೆಯೂ ಬಾಗಿಲು ಮುಚ್ಚಿದ್ದವು. ಮಾದಕ ವಸ್ತುಗಳ ಮೇಲಿನ ಭಾರತದ ಎನ್‌ಡಿಪಿಎಸ್ ಕಾಯಿದೆ 1985ರದ್ದು. ಬಾಗಿಲು ಮತ್ತೆ ಸದ್ದುಮಾಡಿ ತೆರೆದದ್ದು 2006ರಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಅವರ ಸೈಲೊಸೈಬಿನ್ ಅಧ್ಯಯನದಿಂದ.

ತಪ್ಪು ಕಲ್ಪನೆ: ಒಂದು ಡೋಸ್ ಸಾಕು, ಖಿನ್ನತೆ ಮಾಯ

ಈ ಆಸೆ ಸುಮ್ಮನೆ ಹುಟ್ಟಿದ್ದಲ್ಲ. 2016ರಲ್ಲಿ ಹಾಪ್ಕಿನ್ಸ್‌ನಿಂದಲೂ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದಲೂ ಎರಡು ಅಧ್ಯಯನಗಳು ಒಟ್ಟಿಗೆ ಬಂದವು. ಪ್ರಾಣಕ್ಕೆ ಕುತ್ತಾದ ಕ್ಯಾನ್ಸರ್ ಇದ್ದು, ಸಾವಿನ ಭಯದಲ್ಲಿ ಕುಸಿದಿದ್ದ ರೋಗಿಗಳು ಅವರು: ಹಾಪ್ಕಿನ್ಸ್‌ನಲ್ಲಿ 51, ನ್ಯೂಯಾರ್ಕಿನಲ್ಲಿ 29. ಸೈಲೊಸೈಬಿನ್‌ನ ಒಂದು ದೊಡ್ಡ ಡೋಸ್ ಪಡೆದು ಆರು ತಿಂಗಳಾದ ಮೇಲೂ ಹಾಪ್ಕಿನ್ಸ್‌ನ ರೋಗಿಗಳಲ್ಲಿ ಸುಮಾರು 80 ಶೇಕಡಾ ಮಂದಿಯ ಖಿನ್ನತೆ ಮತ್ತು ಆತಂಕ ಗಣನೀಯವಾಗಿ ಇಳಿದಿದ್ದವು. ಕ್ಯಾನ್ಸರ್ ಹಾಗೇ ಇತ್ತು, ಭಯ ಇಳಿದಿತ್ತು. ಇಂಥ ಫಲಿತಾಂಶ ಮನೋವೈದ್ಯಶಾಸ್ತ್ರದಲ್ಲಿ ಅಪರೂಪ.

ಸಣ್ಣ ಗುಂಪಿನಲ್ಲಿ ಕಂಡದ್ದು ದೊಡ್ಡ ಗುಂಪಿನಲ್ಲಿ ಸೊರಗುವುದು ವೈದ್ಯಕೀಯದ ಹಳೆಯ ಅನುಭವ. ಇಲ್ಲಿಯೂ ಹಾಗೇ ಆಯಿತು. 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು 59 ಖಿನ್ನತೆಯ ರೋಗಿಗಳಲ್ಲಿ ಸೈಲೊಸೈಬಿನ್ ಅನ್ನು ಎಸ್ಸಿಟಲೊಪ್ರಾಮ್ ಜೊತೆ ಹೋಲಿಸಿತು. ಎಸ್ಸಿಟಲೊಪ್ರಾಮ್ ಎಂದರೆ ನಮ್ಮೂರಿನ ಮೆಡಿಕಲ್ ಸ್ಟೋರುಗಳಲ್ಲೂ ಸಿಗುವ ಮಾಮೂಲಿ ಮಾತ್ರೆ. ಆರು ವಾರಗಳ ಕೊನೆಗೆ, ಮೊದಲೇ ನಿಗದಿ ಮಾಡಿಕೊಂಡಿದ್ದ ಮುಖ್ಯ ಅಳತೆಗೋಲಿನಲ್ಲಿ ಇವೆರಡರ ನಡುವೆ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಕಾಣಲಿಲ್ಲ. ಉಪ ಅಳತೆಗಳು ಸೈಲೊಸೈಬಿನ್ ಕಡೆಗೆ ವಾಲಿದವು. ಅಭಿಮಾನಿಗಳು ಅವನ್ನಷ್ಟೇ ಎತ್ತಿ ತೋರಿಸುತ್ತಾರೆ.

ಮರುವರ್ಷ ಬಂದ ಕಂಪಾಸ್ ಪಾಥ್‌ವೇಸ್ ಕಂಪನಿಯ ಪ್ರಯೋಗ ಇನ್ನೂ ದೊಡ್ಡದು. ಕನಿಷ್ಠ ಎರಡು ಮದ್ದುಗಳಿಗೆ ಬಗ್ಗದ ಖಿನ್ನತೆಯ 233 ರೋಗಿಗಳು ಅದರಲ್ಲಿದ್ದರು. ಒಂದು ಗುಂಪಿಗೆ 25 ಮಿಲಿಗ್ರಾಂ, ಇನ್ನೊಂದಕ್ಕೆ 10, ಮೂರನೆಯದಕ್ಕೆ ಲೆಕ್ಕಕ್ಕೆ ಬಾರದಷ್ಟು, 1 ಮಿಲಿಗ್ರಾಂ. ಮೂರನೆಯ ವಾರದಲ್ಲಿ ಚೇತರಿಕೆ ಕಂಡವರು ದೊಡ್ಡ ಡೋಸಿನ ಗುಂಪಿನಲ್ಲಿ 37 ಶೇಕಡಾ, ಸಣ್ಣದರಲ್ಲಿ 18. ಆ ಚೇತರಿಕೆ ಹನ್ನೆರಡನೆಯ ವಾರದವರೆಗೆ ಉಳಿದದ್ದು 20 ಮತ್ತು 10 ಶೇಕಡಾ ಮಂದಿಯಲ್ಲಿ. ಆತ್ಮಹತ್ಯೆಯ ಆಲೋಚನೆ ಅಥವಾ ತಮಗೇ ಗಾಯ ಮಾಡಿಕೊಳ್ಳುವುದು ಮೂರೂ ಗುಂಪುಗಳಲ್ಲಿ ವರದಿಯಾಯಿತು. 2025ರ ಜೂನ್‌ನಲ್ಲಿ ಅದೇ ಕಂಪನಿ ಮೂರನೆಯ ಹಂತದ ಮೊದಲ ಫಲಿತಾಂಶ ಪ್ರಕಟಿಸಿದಾಗ ಹುಸಿಮಾತ್ರೆಗೂ ಸೈಲೊಸೈಬಿನ್‌ಗೂ ಇದ್ದ ಅಂತರ, 60 ಅಂಕಗಳ ಅಳತೆಗೋಲಿನಲ್ಲಿ, ಸರಾಸರಿ 3.6.

ಈ ಅಂಕಿಗಳನ್ನು ಓದಿ ‘ಇಷ್ಟೇನಾ’ ಎನ್ನಬೇಡಿ. ಬೇರೆ ಎರಡು ಮದ್ದುಗಳು ಕೈಬಿಟ್ಟ ಮೇಲೆ ಐವರಲ್ಲಿ ಒಬ್ಬರು ಒಂದೇ ಡೋಸಿನಿಂದ ಮೂರು ತಿಂಗಳು ಮೇಲೆದ್ದು ನಿಂತರೆ, ಅವರ ಮನೆಗೆ ಅದು ದೊಡ್ಡದೇ. ಐವರಲ್ಲಿ ನಾಲ್ವರಿಗೆ ಹಾಗಾಗಲಿಲ್ಲ ಎಂಬುದನ್ನು ಮಾತ್ರ ಅದೇ ಉಸಿರಿನಲ್ಲಿ ಹೇಳಬೇಕು. ಈ ಎರಡನೆಯ ಮಾತನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಕ್ರೌರ್ಯ. ಕೊನೆಯ ಭರವಸೆ ಎಂದು ನಂಬಿ ಹೋದವರಿಗೆ ಅದೂ ಫಲಿಸದಿದ್ದರೆ ಆಗುವ ಪೆಟ್ಟು ಸಣ್ಣದಲ್ಲ.

ಕುಡಿತದ ವಿಷಯದಲ್ಲಿ 2022ರ ನ್ಯೂಯಾರ್ಕ್ ಪ್ರಯೋಗ ಹೆಚ್ಚು ಆಸೆ ಮೂಡಿಸುತ್ತದೆ. ಮಾತಿನ ಚಿಕಿತ್ಸೆಯ ಜೊತೆ ಸೈಲೊಸೈಬಿನ್ ಪಡೆದವರು ವಿಪರೀತ ಕುಡಿದ ದಿನಗಳು ಮುಂದಿನ 32 ವಾರಗಳಲ್ಲಿ 9.7 ಶೇಕಡಾ, ಅದೇ ಮಾತಿನ ಚಿಕಿತ್ಸೆಯ ಜೊತೆ ಬೇರೆ ಗುಳಿಗೆ ಪಡೆದವರಲ್ಲಿ 23.6 ಶೇಕಡಾ. ಮನೆಮನೆಯ ಗೋಳಾಗಿರುವ ಕುಡಿತಕ್ಕೆ ಇನ್ನೊಂದು ದಾರಿ ತೆರೆದರೆ ಯಾರು ಬೇಡವೆಂದಾರು? ಅಲ್ಲಿದ್ದವರು ನೂರಕ್ಕಿಂತ ಕಡಿಮೆ ಎಂಬುದನ್ನು ಮರೆಯದಿದ್ದರೆ ಸಾಕು.

ತಪ್ಪು ಕಲ್ಪನೆ: ವಾಸಿ ಮಾಡುವುದು ಆ ವಸ್ತು, ಉಳಿದದ್ದೆಲ್ಲ ಅಲಂಕಾರ

ಪ್ರಯೋಗದ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ನೋಡಿದರೆ ಈ ಕಲ್ಪನೆ ಉಳಿಯುವುದಿಲ್ಲ. ಮೊದಲು ಕೆಲವು ದಿನ ಚಿಕಿತ್ಸಕರ ಜೊತೆ ಮಾತು, ಪರಿಚಯ. ಡೋಸ್ ಕೊಡುವ ದಿನ ಮನೆಯಂತಹ ಕೋಣೆ, ಹಾಸಿಗೆ, ಕಣ್ಣಿಗೆ ಪಟ್ಟಿ, ಸಂಗೀತ, ಪಕ್ಕದಲ್ಲಿ ತರಬೇತಿ ಪಡೆದ ಒಬ್ಬರೋ ಇಬ್ಬರೋ. ಆರರಿಂದ ಎಂಟು ಗಂಟೆ ಅವರು ಎದ್ದುಹೋಗುವುದಿಲ್ಲ. ರೋಗಿ ಅಳಬಹುದು, ಹೆದರಬಹುದು, ಸತ್ತ ತಂದೆಯನ್ನು ಎದುರಿಗೆ ಕಂಡಂತೆ ಮಾತಾಡಬಹುದು. ಆಮೇಲಿನ ದಿನಗಳಲ್ಲಿ ಕಂಡದ್ದನ್ನು ಬದುಕಿಗೆ ಹೊಂದಿಸಿಕೊಳ್ಳುವ ಮಾತುಕತೆ.

2021ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಕಂಡಂತೆ, ಒಂದು ಡೋಸ್ ಸೈಲೊಸೈಬಿನ್ ನರಕೋಶಗಳ ನಡುವಿನ ಸಂಪರ್ಕಬಿಂದುಗಳನ್ನು ಸುಮಾರು 10 ಶೇಕಡಾ ಹೆಚ್ಚಿಸಿತು. ಹೊಸದಾಗಿ ಮೂಡಿದವುಗಳಲ್ಲಿ ಕೆಲವು ಒಂದು ತಿಂಗಳಾದರೂ ಉಳಿದವು. ಮಿದುಳು ಹಸಿಯಾದ ನೆಲದಂತಾಗುತ್ತದೆ ಎಂದುಕೊಂಡರೆ, ಮಳೆ ಬಿದ್ದ ಹೊಲದಲ್ಲಿ ಬಿತ್ತಿದ್ದೂ ಏಳುತ್ತದೆ, ಕಳೆಯೂ ಏಳುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಪಕ್ಕದಲ್ಲಿರುವವರು ಯಾರು ಎಂಬುದು ಬಹಳ ಮುಖ್ಯ. ಎಂಡಿಎಂಎ ಪ್ರಯೋಗವೊಂದರಲ್ಲಿ ಚಿಕಿತ್ಸಕರೇ ರೋಗಿಯೊಂದಿಗೆ ಮೀರಬಾರದ ಗಡಿ ಮೀರಿದ್ದು ಬಯಲಾಯಿತು. ಮನಸ್ಸು ಪೂರ್ತಿ ತೆರೆದುಕೊಂಡ ರೋಗಿ ಅಷ್ಟೇ ಅಸಹಾಯಕ ಕೂಡ.

ಇಷ್ಟೆಲ್ಲ ಆರೈಕೆಗೆ ಜನ ಬೇಕು, ಹಣ ಬೇಕು. ಆಸ್ಟ್ರೇಲಿಯಾದಲ್ಲಿ ಪೂರ್ತಿ ಒಂದು ಸುತ್ತಿನ ಚಿಕಿತ್ಸೆಗೆ ಅಲ್ಲಿನ ಹತ್ತು ಸಾವಿರ ಡಾಲರಿಗೂ ಮೀರಿ ಖರ್ಚಾಗುತ್ತದೆ. ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲದ ನಮ್ಮ ದೇಶದಲ್ಲಿ ಒಬ್ಬ ರೋಗಿಯ ಪಕ್ಕ ಇಬ್ಬರು ದಿನವಿಡೀ ಕೂರುವುದು ಹೇಗೆ? ಮುಂದೊಂದು ದಿನ ಕಾನೂನು ಸಡಿಲವಾದರೂ ಈ ಪ್ರಶ್ನೆ ಹಾಗೇ ಉಳಿಯುತ್ತದೆ.

ತಪ್ಪು ಕಲ್ಪನೆ: ಎಂಡಿಎಂಎ ಪರೀಕ್ಷೆಯಲ್ಲಿ ಗೆದ್ದಿತ್ತು, ಅಧಿಕಾರಿಗಳು ಅಡ್ಡಗಾಲು ಹಾಕಿದರು

ಅಂಕಿಗಳು ಚೆನ್ನಾಗಿಯೇ ಇದ್ದವು. 2023ರಲ್ಲಿ ಪ್ರಕಟವಾದ, 104 ಮಂದಿಯ ಪ್ರಯೋಗದ ಕೊನೆಗೆ ಎಂಡಿಎಂಎ ಪಡೆದವರಲ್ಲಿ 71 ಶೇಕಡಾ ಮಂದಿಗೆ ಪಿಟಿಎಸ್‌ಡಿಯ ಲಕ್ಷಣಗಳು ರೋಗವೆನ್ನುವ ಮಟ್ಟದಲ್ಲಿ ಉಳಿದಿರಲಿಲ್ಲ; ಹುಸಿಮಾತ್ರೆಯವರಲ್ಲಿ 48 ಶೇಕಡಾ. ತೊಡಕು ಬೇರೆ ಕಡೆ ಇತ್ತು. ಔಷಧ ಪರೀಕ್ಷೆಯ ಮೂಲ ನಿಯಮವೆಂದರೆ, ತನಗೆ ಸಿಕ್ಕಿದ್ದು ಮದ್ದೋ ಹುಸಿಯೋ ಎಂದು ರೋಗಿಗೆ ಗೊತ್ತಾಗಬಾರದು. ಇಂಥ ವಸ್ತು ಒಳಹೊಕ್ಕ ಅರ್ಧ ಗಂಟೆಯಲ್ಲಿ ಗುಟ್ಟು ರಟ್ಟಾಗುತ್ತದೆ. ಮೇಲೆ ಹೇಳಿದ ಕುಡಿತದ ಪ್ರಯೋಗದಲ್ಲೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಸರಿಯಾಗಿ ಊಹಿಸಿದ್ದರು. ಮದ್ದು ಸಿಕ್ಕಿತೆಂಬ ಹಿಗ್ಗು ಎಷ್ಟು, ಸಿಗಲಿಲ್ಲವೆಂಬ ಕೊರಗು ಎಷ್ಟು, ಮದ್ದಿನದೇ ಗುಣ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎಫ್‌ಡಿಎಯ ಸಲಹಾ ಸಮಿತಿ 2024ರ ಜೂನ್ 4ರಂದು ಮತ ಹಾಕಿದಾಗ, ಮದ್ದು ಕೆಲಸ ಮಾಡುತ್ತದೆ ಎಂದವರು ಇಬ್ಬರು, ಸಾಕ್ಷ್ಯ ಸಾಲದು ಎಂದವರು ಒಂಬತ್ತು ಮಂದಿ. ನನ್ನ ದೃಷ್ಟಿಯಲ್ಲಿ ಅದು ರೋಗಿಗಳ ಪರವಾದ ತೀರ್ಮಾನ.

ತಪ್ಪು ಕಲ್ಪನೆ: ಅಣಬೆ ಪ್ರಕೃತಿ ಕೊಟ್ಟದ್ದು, ಅಪಾಯವೇನಿಲ್ಲ

ಬೆಂಗಳೂರಿನಿಂದ ವಾರಾಂತ್ಯಕ್ಕೆ ಅಣಬೆ ಹುಡುಕಿಕೊಂಡು ಕೊಡೈಕೆನಾಲ್‌ಗೆ ಹೊರಡುವ ಹುಡುಗರಲ್ಲಿ ಈ ನಂಬಿಕೆ ಗಟ್ಟಿಯಾಗಿದೆ. ಮಳೆಗಾಲದ ಹುಲ್ಲುಗಾವಲಿನಲ್ಲಿ ಏಳುವ ಸಣ್ಣ ಕಂದು ಅಣಬೆಗಳಲ್ಲಿ ಯಾವುದು ಯಾವುದೆಂದು ಪಳಗಿದ ಕಣ್ಣಿಗೂ ಒಮ್ಮೊಮ್ಮೆ ತಪ್ಪುತ್ತದೆ. ಪಿತ್ತಜನಕಾಂಗವನ್ನು ಕೊಲ್ಲುವ ವಿಷದ ಅಣಬೆಗಳೂ ಅದೇ ಮೈಬಣ್ಣದಲ್ಲಿರುತ್ತವೆ. ಸರಿಯಾದ ಅಣಬೆಯೇ ಸಿಕ್ಕಿತೆಂದುಕೊಳ್ಳಿ. ಎಷ್ಟು ಸೈಲೊಸೈಬಿನ್ ಹೊಟ್ಟೆಗೆ ಹೋಯಿತೆಂದು ಅಳೆಯುವ ದಾರಿಯಿಲ್ಲ.

ಅದಕ್ಕಿಂತ ದೊಡ್ಡ ಅಪಾಯ ನಮ್ಮೊಳಗೇ ಇರಬಹುದು. ಸ್ವತಃ ಅಥವಾ ಹತ್ತಿರದ ರಕ್ತಸಂಬಂಧಿಗಳಲ್ಲಿ ಸ್ಕಿಜೋಫ್ರೇನಿಯಾ ಇಲ್ಲವೇ ಬೈಪೋಲಾರ್ ಕಾಯಿಲೆ ಇದ್ದವರನ್ನು ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ, ಮಲಗಿದ್ದ ಕಾಯಿಲೆ ಎದ್ದೀತೆಂಬ ಭಯದಿಂದ. ‘ಸುರಕ್ಷಿತ’ ಎಂಬ ಮಾತು ಹೀಗೆ ಸೋಸಿ ಆರಿಸಿದವರಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ಮನೆಗಳಲ್ಲಿ ಅಜ್ಜನಿಗೋ ಚಿಕ್ಕಪ್ಪನಿಗೋ ಇದ್ದ ಇಂಥ ಕಾಯಿಲೆಯನ್ನು ಮಕ್ಕಳಿಂದ ಮುಚ್ಚಿಡುವ ರೂಢಿಯಿದೆ. ಇಪ್ಪತ್ತರ ಹುಡುಗನಿಗೆ ತನ್ನ ವಂಶದ ಕಥೆಯೇ ಗೊತ್ತಿರುವುದಿಲ್ಲ.

ಮದ್ದುಗಳ ನಡುವಿನ ಜಗಳವೂ ಇದೆ. ಲಿಥಿಯಂ ಎಂಬ ಮದ್ದು ತೆಗೆದುಕೊಳ್ಳುತ್ತಿರುವವರು ಇವನ್ನು ಸೇವಿಸಿ ಫಿಟ್ಸ್ ಬಂದ ವರದಿಗಳಿವೆ. ಅಯವಾಸ್ಕ ಮತ್ತು ಮಾಮೂಲಿ ಖಿನ್ನತೆಯ ಮಾತ್ರೆ ಸೇರಿದರೆ ಸೆರೊಟೋನಿನ್ ಮಿತಿಮೀರಿ ಪ್ರಾಣಕ್ಕೇ ಬರಬಹುದು. ಚಟ ಬಿಡಿಸುತ್ತದೆಂದು ಹೆಸರಾದ ಇಬೊಗೇನ್ ಹೃದಯದ ಲಯ ಕೆಡಿಸಿ ಜೀವ ತೆಗೆದದ್ದಿದೆ. ಇನ್ನು, ‘ಟ್ರಿಪ್’ ಚೆನ್ನಾಗಿ ಆಗಲೆಂದು ನಡೆಯುತ್ತಿರುವ ಮಾತ್ರೆಯನ್ನು ತಾವೇ ನಿಲ್ಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರಯೋಗಗಳಲ್ಲಿ ಮಾತ್ರೆ ಬಿಡಿಸುವುದು ವೈದ್ಯರ ಕಣ್ಗಾವಲಿನಲ್ಲಿ, ವಾರಗಳ ಕಾಲ ಇಳಿಸುತ್ತಾ.

ಕಾನೂನು? ಸೈಲೊಸೈಬಿನ್, ಎಲ್‌ಎಸ್‌ಡಿ, ಎಂಡಿಎಂಎ ಮೂರೂ ಎನ್‌ಡಿಪಿಎಸ್ ಪಟ್ಟಿಯಲ್ಲಿವೆ. ಎಲ್‌ಎಸ್‌ಡಿಯಾದರೆ 0.1 ಗ್ರಾಂ ಎಂಬುದೇ ವಾಣಿಜ್ಯ ಪ್ರಮಾಣ. ಅದಕ್ಕೆ ಕನಿಷ್ಠ ಹತ್ತು ವರ್ಷ ಸಜೆ. ಅಣಬೆ ಅಣಬೆಯೇ, ಪಟ್ಟಿಯಲ್ಲಿರುವ ಮಿಶ್ರಣವಲ್ಲ ಎಂದು ಕೇರಳ ಹೈಕೋರ್ಟ್ 2025ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಹೇಳಿದ್ದನ್ನು ಕೆಲವರು ಪರವಾನಗಿಯೆಂದೇ ಓದಿಕೊಂಡಿದ್ದಾರೆ. ಜಾಮೀನಿನ ಆದೇಶ ಪರವಾನಗಿಯಲ್ಲ.

ತಪ್ಪು ಕಲ್ಪನೆ: ಚೂರು ಚೂರು ತೆಗೆದುಕೊಂಡರೆ ಬುದ್ಧಿ ಚುರುಕಾಗುತ್ತದೆ

ಮೈಕ್ರೋಡೋಸಿಂಗ್ ಎನ್ನುವ ಈ ರೂಢಿ ಐಟಿ ವಲಯದಲ್ಲಿ ಹೆಸರು ಮಾಡಿದೆ. ಇಂಪೀರಿಯಲ್ ಕಾಲೇಜಿನವರು 2021ರಲ್ಲಿ 191 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ನಿಜವಾದ ಚೂರು ನುಂಗಿದವರೂ ಖಾಲಿ ಕ್ಯಾಪ್ಸೂಲ್ ನುಂಗಿದವರೂ ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿದರು. ಕೆಲಸ ಮಾಡಿದ್ದು ನಂಬಿಕೆ.

ತಪ್ಪು ಕಲ್ಪನೆ: ನಮ್ಮ ಋಷಿಗಳ ಸೋಮರಸ ಇದೇ

ಸೋಮ ಎಂದರೆ ಕೆಂಪು ಟೋಪಿಯ ಅಮನೀಟಾ ಅಣಬೆ ಎಂದು 1968ರಲ್ಲಿ ವಾದಿಸಿದ್ದು ಮೆಕ್ಸಿಕೋಗೆ ಹೋಗಿದ್ದ ಅದೇ ವಾಸನ್. ಎಫೆಡ್ರಾ ಗಿಡವೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಒಮ್ಮತ ಇವತ್ತಿಗೂ ಇಲ್ಲ. ವಾಸನ್ ಮಾತು ನಿಜವೆಂದುಕೊಂಡರೂ ಆ ಅಣಬೆಯಲ್ಲಿ ಸೈಲೊಸೈಬಿನ್ ಇಲ್ಲ. ಅದರಲ್ಲಿರುವುದು ಮಸ್ಕಿಮೋಲ್ ಎಂಬ ಬೇರೆಯೇ ವಸ್ತು.

ತಪ್ಪು ಕಲ್ಪನೆ: ಇಂಥದ್ದು ಭಾರತಕ್ಕೆ ಬರುವವರೆಗೆ ಬೇರೆ ದಾರಿಯಿಲ್ಲ

ಇದನ್ನು ನಂಬಿ ಕೈಚೆಲ್ಲಿ ಕೂತವರನ್ನು ನೆನೆದರೆ ಸಂಕಟವಾಗುತ್ತದೆ. ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯ ರೋಗಿಗಳಲ್ಲಿ ನೂರಕ್ಕೆ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮದ್ದಿಗೆ ಬಗ್ಗದ ಖಿನ್ನತೆಯ ಮಾತು ಹಾಗಿರಲಿ, ಮೊದಲ ಮದ್ದೇ ಅವರ ಕೈ ಸೇರಿರಲಿಲ್ಲ.

ಎರಡು ಮೂರು ಮಾತ್ರೆ ಸೋತವರಿಗೂ ದಾರಿಗಳಿವೆ. ಮಾತ್ರೆಯ ಜೊತೆ ಲಿಥಿಯಂನಂಥ ಇನ್ನೊಂದನ್ನು ಸೇರಿಸುವುದು, ಮಾತಿನ ಚಿಕಿತ್ಸೆ. ಅರಿವಳಿಕೆ ಮದ್ದಾಗಿ ಅರ್ಧ ಶತಮಾನದಿಂದ ಬಳಕೆಯಲ್ಲಿರುವ ಕೆಟಮಿನ್ ಅನ್ನು ಸಣ್ಣ ಪ್ರಮಾಣದಲ್ಲಿ, ಆಸ್ಪತ್ರೆಯಲ್ಲಿ, ತೀವ್ರ ಖಿನ್ನತೆಗೆ ಕೊಡುವ ಮನೋವೈದ್ಯರು ನಮ್ಮ ದೇಶದಲ್ಲೂ ಇದ್ದಾರೆ. ಅದೇ ಕುಟುಂಬದ ಎಸ್‌ಕೆಟಮಿನ್ ಮೂಗಿನ ಸಿಂಪಡಿಕೆಗೆ ಎಫ್‌ಡಿಎ 2019ರಲ್ಲೇ ಒಪ್ಪಿಗೆ ಕೊಟ್ಟಿದೆ. ಎಲ್ಲಕ್ಕಿಂತ ಬಲವಾದ ಚಿಕಿತ್ಸೆ ಇಸಿಟಿ. ಸಿನಿಮಾಗಳು ‘ಕರೆಂಟ್ ಶಾಕ್’ ಎಂದು ಹೆದರಿಸಿಟ್ಟ ಅದೇ ಚಿಕಿತ್ಸೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ಅದನ್ನು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ರೋಗಿ ನಿದ್ದೆಯಲ್ಲಿರುತ್ತಾರೆ, ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಕೆಲಕಾಲ ಮರೆವು ಕಾಡಬಹುದು. ತೀವ್ರ ಖಿನ್ನತೆಯಲ್ಲಿ ಅರ್ಧಕ್ಕೂ ಹೆಚ್ಚು ರೋಗಿಗಳಿಗೆ ಇದರಿಂದ ಗುಣ ಕಾಣುತ್ತದೆ. ಇಲ್ಲಿಯವರೆಗಿನ ಯಾವ ಸೈಕೆಡೆಲಿಕ್ ಪ್ರಯೋಗವೂ ಇದಕ್ಕಿಂತ ಮೇಲೆಂದು ತೋರಿಸಿಲ್ಲ.

ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಗತ್ಯವಿದ್ದರೆ ಹತ್ತಿರದ ಆಸ್ಪತ್ರೆಗೂ ದಾರಿ ತೋರಿಸುತ್ತಾರೆ.